ನಮ್ಮ ಮನೆಗೆ ಜಪಸರ ಬಂದ ಶುಕ್ರವಾರ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಕಡೆಯಿಂದ ಮದುವೆಯಾಗಿ ಮುಂಬೈಗೆ ಬಂದಾಗ ನನಗೆ ಚೆನ್ನಾಗಿ ಬರುತ್ತಿದ್ದದ್ದು ಕನ್ನಡ ಒಂದೇ. ಮೊದಲ ಭಾನುವಾರ ಚರ್ಚಿಗೆ ಹೋದರೆ ಪೂಜೆ ಇಂಗ್ಲಿಷಿನಲ್ಲಿ. ಆದರೂ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಅಂತ ಮೈಗೇ ಗೊತ್ತಿತ್ತು. ಭಾನುವಾರದ ಬೈಬಲ್ ವಾಚನಗಳು ನಮ್ಮ ಕಥೋಲಿಕ ಚರ್ಚುಗಳಲ್ಲಿ ಊರಲ್ಲೂ ಇಲ್ಲೂ ಒಂದೇ, ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಊರಲ್ಲಿ ಅಮ್ಮ ಅವತ್ತು ಕೇಳುವ ಶುಭಸಂದೇಶವೇ ಇಲ್ಲಿ ನನಗೂ. ಹೊರಡುವ ಮೊದಲು ಕನ್ನಡ ಬೈಬಲ್ ತೆಗೆದು ಅದನ್ನು ಓದಿಕೊಳ್ಳುತ್ತಿದ್ದೆ.

ಪೂಜೆ ಮುಗಿದ ಮೇಲಿನ ಹತ್ತು ನಿಮಿಷವೇ ಕಷ್ಟ. ಅಂಗಳದಲ್ಲಿ ಎಲ್ಲರೂ ಗುಂಪುಗುಂಪಾಗಿ ಮಾತಾಡುತ್ತಿದ್ದರು. ನಾವಿಬ್ಬರು ಸುಮ್ನೆ ಗೇಟಿನ ಕಡೆ ನಡೆಯುತ್ತಿದ್ದೆವು. ನೋಡಿದವರು ನಗುತ್ತಿದ್ದರು, ಅಷ್ಟೇ. ಬುಧವಾರ ಮಾಹಿಮ್‌ನ ಚರ್ಚಿನಲ್ಲಿ ನಡೆಯುವ ನೊವೆನಾ ಪ್ರಾರ್ಥನೆಗೆ ಹೋದರೆ ಹೀಗೆ ಅನಿಸುತ್ತಿರಲಿಲ್ಲ. 1948ರಿಂದ ನಡೆದು ಬಂದಿರುವ ನೊವೆನಾ ಅದು. ಬೇರೆ ಧರ್ಮದವರೂ ಬರುತ್ತಾರೆ. ಅಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ. ನಮ್ಮದೇ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಪ್ರದೇಶದ ಚರ್ಚಿನಲ್ಲಿ, ಒಂಟಿಯಾಗಿ ನಿಂತರೆ ಜಾಸ್ತಿ ನೋವಾಗುತ್ತದೆ, ಅಲ್ವಾ?

ಏಳು ತಿಂಗಳಾದ ಮೇಲೆ ಚರ್ಚಿನ ಆಫೀಸಿಗೆ ಹೋಗಿ ಹೆಸರು ಬರೆಸಿದೆವು. ಹೊಸದಾಗಿ ಬಂದವರಿಗೆ ನಾನು ಹೇಳುವುದು ಇದನ್ನೇ: ನಮ್ಮ ಹಾಗೆ ತಡ ಮಾಡಬೇಡಿ. ಅಷ್ಟು ಜನರ ನಡುವೆ ನೀವು ಬಂದಿದ್ದು ಚರ್ಚಿನವರಿಗೆ ಹೇಗೆ ತಿಳಿಯಬೇಕು? ಇಲ್ಲಿ ಧರ್ಮಕೇಂದ್ರದೊಳಗೆ ಕಿರು ಕ್ರೈಸ್ತ ಸಮುದಾಯಗಳು ಇರುತ್ತವೆ. ಅಕ್ಕಪಕ್ಕದ ಒಂದಷ್ಟು ಕಟ್ಟಡಗಳು ಸೇರಿ ಒಂದು. ಹೆಸರು ಬರೆಸಿದ ವಾರವೇ ಎದುರು ಬಿಲ್ಡಿಂಗಿನ ಗೋವಾದ ಆಂಟಿ ಬಾಗಿಲು ತಟ್ಟಿದರು.

ಅದು ಅಕ್ಟೋಬರ್, ಮಣಿ ಎಣಿಸುತ್ತ ಮರಿಯಮ್ಮನವರನ್ನು ಪ್ರಾರ್ಥಿಸುವ ಜಪಸರದ ತಿಂಗಳು. ಮರಿಯಮ್ಮನವರ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ‘ಶುಕ್ರವಾರ ನಿಮ್ಮ ಮನೆಗೆ ತರಬಹುದಾ?’ ಅಂದರು. ನಮ್ಮದು ಒಂದೇ ಕೋಣೆ. ಇದ್ದದ್ದು ಎರಡು ಕುರ್ಚಿ. ‘ನೆಲ ಇದೆಯಲ್ಲ ಮಗಳೇ’ ಅಂದರು.

ಇಪ್ಪತ್ತು ಜನ ಬಂದರು. ಬಾಗಿಲಾಚೆ ಮೆಟ್ಟಿಲ ಮೇಲೂ ಕೂತರು. ಜಪಸರದಲ್ಲಿ ಹತ್ತು ಹತ್ತು ಮಣಿಗೆ ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ಘಟನೆ ನೆನೆಯುತ್ತೇವೆ, ಅದಕ್ಕೆ ರಹಸ್ಯ ಅನ್ನುತ್ತೇವೆ. ಮೂರನೇ ರಹಸ್ಯ ಬಂದಾಗ ಆಂಟಿ ನನ್ನ ಕಡೆ ತಿರುಗಿ, ‘ಈ ಹತ್ತು ಮಣಿ ನೀನು ನಡೆಸು, ನಿನ್ನ ಭಾಷೆಯಲ್ಲೇ’ ಅಂದರು. ನಾನು ‘ನಮೋ ಮರಿಯಾ’ ಅಂತ ಶುರು ಮಾಡಿದೆ. ಅರ್ಧ ಪ್ರಾರ್ಥನೆ ನನ್ನದು. ಉಳಿದ ಅರ್ಧವನ್ನು ಅವರು ಕೊಂಕಣಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಒಟ್ಟಿಗೇ ಮುಗಿಸಿದರು. ಮಣಿಯ ಲೆಕ್ಕ ಯಾರಿಗೂ ತಪ್ಪಲಿಲ್ಲ. ಆರನೇ ಮಣಿಗೆ ನನ್ನ ಗಂಟಲು ಕಟ್ಟಿತು. ಅವರು ಕಾದರು.

ಪ್ರಾರ್ಥನೆ ಆದ ಮೇಲೆ ಬೇಯಿಸಿದ ಕಡಲೆ ಹಂಚುವುದು ಮುಂಬೈ, ಗೋವಾದ ಕಡೆ ಹಳೇ ರೂಢಿ. ನಾನು ನಮ್ಮೂರಿನ ಹಾಗೆ ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಉಸ್ಲಿ ಮಾಡಿದ್ದೆ. ಪಾತ್ರೆ ಖಾಲಿಯಾಯಿತು.

ಮುಂದಿನ ಭಾನುವಾರ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು. ಕಡಲೆ ಎಷ್ಟು ಹೊತ್ತು ನೆನೆಸಿದ್ದೆ ಅಂತ ಕೇಳಬೇಕಿತ್ತಂತೆ. ಅವರ ಹಿಂದೆ ಇನ್ನಿಬ್ಬರು ಬಂದರು. ಎಂಟು ಗಂಟೆಯ ಪೂಜೆಗೆ ಹೋದವರು ಅವತ್ತು ಮನೆ ಸೇರುವಾಗ ಹನ್ನೊಂದಾಗಿತ್ತು.