ಕಲ್ಲರೆ ಹಬ್ಬದ ಒಂದು ಚೀಟಿ

ಕೇಳುಗರಿಗೆ ನಮಸ್ಕಾರ.

ನವೆಂಬರ್ 2 ಕಥೋಲಿಕ ಕ್ರೈಸ್ತರಾದ ನಮಗೆ ಕಲ್ಲರೆ ಹಬ್ಬ, ತೀರಿಕೊಂಡವರನ್ನು ನೆನೆಯುವ ದಿನ. ಹೋದ ವರ್ಷ ಅವತ್ತು ಬೆಳಿಗ್ಗೆ ಅಜ್ಜಿಯ ಸಮಾಧಿಯ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ, ಸೇವಂತಿಗೆ ಹರಡಿ, ಮೇಣದಬತ್ತಿ ಗಾಳಿಗೆ ಆರದಂತೆ ಕೈ ಅಡ್ಡ ಹಿಡಿದು ಕೂತಿದ್ದೆ. ಜೊತೆಗೆ ಬಂದಿದ್ದ ಗೆಳತಿ ಕೇಳಿದಳು: "ನಿಮ್ಮಜ್ಜಿ ಅಷ್ಟು ಒಳ್ಳೆಯವರು, ಸ್ವರ್ಗಕ್ಕೇ ಹೋಗಿರ್ತಾರೆ ಅಲ್ವಾ? ಮತ್ತೆ ಪ್ರಾರ್ಥನೆ ಯಾಕೆ?"

ಸತ್ತ ಕೂಡಲೇ ಆತ್ಮಕ್ಕೆ ತೀರ್ಪಾಗುತ್ತದೆ ಅನ್ನುವುದು ಕಥೋಲಿಕರ ನಂಬಿಕೆ. ದೇವರ ಪ್ರೀತಿಯಲ್ಲೇ ಕಣ್ಣು ಮುಚ್ಚಿದರೂ ಒಳಗಿನ ಕೊಳೆ ಪೂರ್ತಿ ಹೋಗಿರದಿದ್ದರೆ, ದೇವರ ಎದುರು ನಿಲ್ಲುವ ಮುಂಚೆ ಅದು ತೊಳೆದುಹೋಗಬೇಕು. ಇದನ್ನೇ ಶುದ್ಧೀಕರಣ ಸ್ಥಳ ಅನ್ನುತ್ತೇವೆ. ಸ್ಥಳ ಅಂದ ಮಾತ್ರಕ್ಕೆ ಜೈಲು ಅಂದುಕೊಳ್ಳಬೇಡಿ. ಅದು ಜಾಗವಲ್ಲ, ಆತ್ಮದ ಒಂದು ಸ್ಥಿತಿ ಎಂದು 1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬಿಡಿಸಿ ಹೇಳಿದರು. ಅಲ್ಲಿರುವವರು ನರಕಕ್ಕೆ ಬೀಳುವುದಿಲ್ಲ, ಅವರಿಗೆ ಸ್ವರ್ಗ ಖಚಿತ. ಚಿಕ್ಕಂದಿನಲ್ಲಿ ನಮಗೆ ಬರೀ ಬೆಂಕಿಯ ಕಥೆ ಹೇಳಿ ಹೆದರಿಸಿದರು, ಈ ನೆಮ್ಮದಿಯ ಮಾತನ್ನು ಮಾತ್ರ ಯಾರೂ ಹೇಳಲಿಲ್ಲ. ಅದು ನನಗೆ ಇವತ್ತಿಗೂ ಬೇಸರ. 1563ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆಯೇ, ನಮ್ಮ ಪ್ರಾರ್ಥನೆ, ಅದರಲ್ಲೂ ಚರ್ಚಿನಲ್ಲಿ ಪಾದ್ರಿ ಅರ್ಪಿಸುವ ಬಲಿಪೂಜೆ, ಆ ಆತ್ಮಗಳಿಗೆ ನೆರವಾಗುತ್ತದೆ ಎಂದು ಹೇಳಿ, ಮೂಢನಂಬಿಕೆಯನ್ನೂ ಈ ಹೆಸರಿನಲ್ಲಿ ದುಡ್ಡು ಮಾಡುವುದನ್ನೂ ದೂರವಿಡಿ ಎಂದಿತ್ತು.

ಗೆಳತಿಗೆ ನಾನು ಮೋನಿಕಳ ಕಥೆ ಹೇಳಿದೆ. ಹಳೆಯ ಕಾಲದ ದೊಡ್ಡ ಕ್ರೈಸ್ತ ಗುರು ಸಂತ ಅಗಸ್ಟೀನನ ತಾಯಿ. ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದವಳು. ಆಫ್ರಿಕಾದ ತನ್ನೂರಿನಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕು ಅಂತ ಜಾಗವನ್ನೂ ಸಿದ್ಧ ಮಾಡಿಟ್ಟಿದ್ದಳು. ಆದರೆ 387ರಲ್ಲಿ ಊರಿಗೆ ವಾಪಸ್ ಹೊರಟವಳು ರೋಮಿನ ಬಂದರು ಒಸ್ತಿಯಾದಲ್ಲೇ ಜ್ವರ ಬಂದು ಮಲಗಿಬಿಟ್ಟಳು. ಇನ್ನೊಬ್ಬ ಮಗ, ಅಮ್ಮ ಪರದೇಶದಲ್ಲಿ ಸಾಯಬಾರದು ಅಂತ ಒದ್ದಾಡಿದ. ಅವಳು ಹೇಳಿದ್ದು ಇಷ್ಟೇ: ಈ ದೇಹವನ್ನು ಎಲ್ಲಾದರೂ ಹೂಳಿ, ಅದರ ಚಿಂತೆ ಬೇಡ, ನೀವು ಎಲ್ಲೇ ಇರಿ, ದೇವರ ಪೀಠದ ಮುಂದೆ ನನ್ನನ್ನು ನೆನೆಯಿರಿ. ಅಂಥವಳೇ ಪ್ರಾರ್ಥನೆ ಬೇಡಿದಳು. ನಮ್ಮಜ್ಜಿಗೂ ಬೇಕು.

ಪೂಜೆಗೆ ಮುಂಚೆ ತೀರಿಕೊಂಡವರ ಹೆಸರು ಬರೆದ ಚೀಟಿಗಳನ್ನು ಪೀಠದ ಹತ್ತಿರ ಇಡುತ್ತೇವೆ. ನಾನು ಅಜ್ಜಿಯ ಹೆಸರು ಬರೆಯುತ್ತಿದ್ದೆ. ಗೆಳತಿ ಸ್ವಲ್ಪ ಹೊತ್ತು ಸುಮ್ನೆ ನೋಡಿದಳು.

"ನಮ್ಮಪ್ಪನ ಹೆಸರೂ ಬರೀಬಹುದಾ?"

ಪೆನ್ನನ್ನು ಅವಳ ಕೈಗೇ ಕೊಟ್ಟೆ.