ಜನವರಿಯಲ್ಲಿ ಮೋಟಾರ್‌ಹೋಮ್ ಹೊರಡಿಸುವುದು: ಹಿಂದಿನ ರಾತ್ರಿಯ ಕೆಲಸ

ಎಲ್ಲರಿಗೂ ನಮಸ್ಕಾರ.

ಮಿನೆಸೋಟದ ಜನವರಿ ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲೂ ಈಗ ನಿವೃತ್ತಿಯಾದ ಮೇಲೆ ಮೋಟಾರ್‌ಹೋಮ್, ಅಂದರೆ ಒಳಗೇ ಮನೆ ಇರುವ ಗಾಡಿ, ಕೊಂಡು, ಹಬ್ಬಗಳೆಲ್ಲ ಮುಗಿದ ಮೇಲೆ ಟೆಕ್ಸಸ್‌ಗೋ ಅರಿಜೋನಾಗೋ ಹೊರಡುವವರು ಇದ್ದಾರೆ. ಅಲ್ಲಿ ತಲುಪಿದ ಮೇಲೆ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಹೊರಡುವ ದಿನ. ವಾರಗಟ್ಟಲೆ ನಿಂತ ಗಾಡಿ, ಹೊರಗೆ ಮೈನಸ್ 20, ಒಳಗೆ ಡೀಸೆಲ್ ಎಂಜಿನ್. ಅಂಥ ಬೆಳಿಗ್ಗೆ ಕೀಲಿ ತಿರುಗಿಸುವ ಹೊತ್ತಿಗೆ ಫಲಿತಾಂಶ ಆಗಲೇ ತೀರ್ಮಾನವಾಗಿರುತ್ತದೆ. ಹಿಂದಿನ ರಾತ್ರಿ ನೀವು ಏನು ಮಾಡಿದ್ದಿರಿ ಅನ್ನುವುದೇ ಮುಖ್ಯ. ಇವತ್ತು ಅದರ ಬಗ್ಗೆ ಮಾತಾಡೋಣ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು 16ರಿಂದ 18 ಪಟ್ಟು ಒತ್ತುತ್ತದೆ. ಹಾಗೆ ಒತ್ತಿದಾಗ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಗೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಬೇಕಾಗಿರುವುದು ಅಷ್ಟೇ, ಬಿಸಿ ಗಾಳಿ. ಆದರೆ ಸುತ್ತಲೂ ಇರುವ ಕಬ್ಬಿಣ ತಣ್ಣಗಿದ್ದರೆ ಆ ಬಿಸಿಯನ್ನು ಅದೇ ನುಂಗಿಬಿಡುತ್ತದೆ. ಹೆಂಚು ಕಾಯದೆ ದೋಸೆ ಹುಯ್ದ ಹಾಗೆ. ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಬರುವ ಕಮಿನ್ಸ್ ಕಂಪನಿಯ 8.9 ಲೀಟರ್ ಎಂಜಿನ್ ಅರ್ಧ ಟನ್‌ಗಿಂತ ಜಾಸ್ತಿ ತೂಗುತ್ತದೆ. ಅಷ್ಟು ಲೋಹ ನಿಮಿಷದಲ್ಲಿ ಬೆಚ್ಚಗಾಗುವುದಿಲ್ಲ.

ಜೊತೆಗೆ ಇನ್ನೆರಡು ತೊಂದರೆ. ಎಂಜಿನ್ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸುವುದು ಕಷ್ಟವಾಗುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯೂ ಸೊರಗಿರುತ್ತದೆ. ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿ, ಲೆಡ್ ಆಸಿಡ್ ಬ್ಯಾಟರಿಯ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಎಂಜಿನ್ ನಿಧಾನಕ್ಕೆ ತಿರುಗುತ್ತದೆ. ನಿಧಾನವಾಗಿ ಒತ್ತಿದ ಗಾಳಿಗೆ ತಣ್ಣಗಿನ ಗೋಡೆಗೆ ಬಿಸಿ ಬಿಟ್ಟುಕೊಡಲು ಇನ್ನಷ್ಟು ಹೊತ್ತು ಸಿಗುತ್ತದೆ. ಒಂದು ತೊಂದರೆ ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ, ಅಲ್ವಾ?

ಹಾಗಾದರೆ ಡ್ಯಾಶ್‌ಬೋರ್ಡ್‌ನಲ್ಲಿ ಉರಿಯುವ 'ವೇಟ್ ಟು ಸ್ಟಾರ್ಟ್' ದೀಪ ಯಾಕಿದೆ ಅಂತ ಕೇಳುತ್ತೀರಿ. ಕಮಿನ್ಸ್ ಎಂಜಿನ್‌ಗಳಲ್ಲಿ ಅದು ಗ್ರಿಡ್ ಹೀಟರ್‌ನದು. ಒಳಗೆ ಹೋಗುವ ಗಾಳಿಯ ದಾರಿಯಲ್ಲಿ ಕೆಂಪಗೆ ಕಾಯುವ ಒಂದು ಜಾಲರಿ. ಸ್ಪ್ರಿಂಟರ್ ವ್ಯಾನ್ ಮೇಲೆ ಕಟ್ಟಿದ ಸಣ್ಣ ಗಾಡಿಗಳಲ್ಲಿ ಆ ಕೆಲಸವನ್ನು ಗ್ಲೋ ಪ್ಲಗ್ ಮಾಡುತ್ತದೆ. ದೀಪ ಆರುವವರೆಗೆ ಕಾಯಲೇಬೇಕು. ಆದರೆ ಇವು ಬಿಸಿ ಮಾಡುವುದು ಗಾಳಿಯನ್ನು ಮಾತ್ರ, ಕಬ್ಬಿಣವನ್ನಾಗಲಿ ಆಯಿಲನ್ನಾಗಲಿ ಅಲ್ಲ. ಮೇಲಾಗಿ ಗ್ರಿಡ್ ಹೀಟರ್ ನೂರಕ್ಕೂ ಮಿಕ್ಕಿ ಆಂಪಿಯರ್ ಎಳೆಯುತ್ತದೆ, ಅದೂ ಆಗಲೇ ಸೊರಗಿದ ಬ್ಯಾಟರಿಯಿಂದ. ಎಂಜಿನ್ ಶುರುವಾದ ಮೇಲೂ ಸ್ವಲ್ಪ ಹೊತ್ತು ಅದು ಆನ್ ಆಫ್ ಆಗುತ್ತಿರುತ್ತದೆ. ಆಗ ವೋಲ್ಟ್‌ಮೀಟರ್ ಮುಳ್ಳು ಕುಣಿಯುತ್ತದೆ, ದೀಪಗಳು ಮಂಕಾಗುತ್ತವೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಯಿತು ಅಂತ ಹೆದರಬೇಡಿ.

ಕಬ್ಬಿಣವನ್ನೇ ಬೆಚ್ಚಗೆ ಮಾಡುವುದು ಬ್ಲಾಕ್ ಹೀಟರ್. ಇದರ ಮೂಲವೂ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಅನ್ನುವವರು ಎಂಜಿನ್‌ನ ಹೆಡ್ ಬೋಲ್ಟ್ ಜಾಗದಲ್ಲಿ ಕೂರಿಸುವ ಹೀಟರ್‌ಗೆ 1949ರಲ್ಲಿ ಪೇಟೆಂಟ್ ಪಡೆದರು. ಈಗಿನವು ಸಾಮಾನ್ಯವಾಗಿ ಎಂಜಿನ್ ಬ್ಲಾಕ್‌ನ ಕೂಲೆಂಟ್‌ನಲ್ಲಿ, ಅಂದರೆ ಎಂಜಿನ್ ತಣ್ಣಗಿಡುವ ದ್ರವದಲ್ಲಿ, ಮುಳುಗಿರುತ್ತವೆ. ನೀರು ಕಾಯಿಸುವ ಕಾಯಿಲ್ ಇದ್ದ ಹಾಗೆಯೇ. 120 ವೋಲ್ಟ್ ಪ್ಲಗ್, ಎಂಜಿನ್ ನೋಡಿಕೊಂಡು 750, 1000 ಇಲ್ಲವೇ 1500 ವ್ಯಾಟ್.

ಎಷ್ಟು ಹೊತ್ತು ಹಾಕಬೇಕು? ಮೂರು ನಾಲ್ಕು ಗಂಟೆ ಸಾಕು. ಆಮೇಲೆ ಎಂಜಿನ್ ಪಡೆಯುವ ಬಿಸಿಯೂ ಹೊರಗಿನ ಚಳಿಗೆ ಕಳೆದುಕೊಳ್ಳುವ ಬಿಸಿಯೂ ಸಮಸಮ ಆಗಿರುತ್ತದೆ. ರಾತ್ರಿಯಿಡೀ ಹಾಕಿದರೆ ಎಂಜಿನ್‌ಗೆ ನಷ್ಟವೇನಿಲ್ಲ, ಬಿಲ್ಲು ಮಾತ್ರ ಸುಮ್ನೆ ಬೆಳೆಯುತ್ತದೆ. ಒಂದು ಗಟ್ಟಿ ಟೈಮರ್ ತೆಗೆದುಕೊಳ್ಳಿ. ಬೆಳಿಗ್ಗೆ 8ಕ್ಕೆ ಹೊರಡುವುದಾದರೆ 4ಕ್ಕೆ ಆನ್ ಆಗುವ ಹಾಗೆ ಇಡಿ. ಟೈಮರ್ ಆಗಲಿ, ಎಕ್ಸ್‌ಟೆನ್ಶನ್ ಕಾರ್ಡ್ ಆಗಲಿ, 15 ಆಂಪಿಯರ್ ತಡೆಯುವಂಥದ್ದೇ ಇರಲಿ. ಕ್ರಿಸ್‌ಮಸ್ ದೀಪದ ಸಣ್ಣ ವೈರ್ ಹಾಕಿದರೆ ಎಂಜಿನ್ ಬದಲು ವೈರ್ ಕಾಯುತ್ತದೆ.

ಮೋಟಾರ್‌ಹೋಮ್‌ನಲ್ಲಿ ಒಂದು ವಿಚಿತ್ರ ಉಂಟು. ಎಂಜಿನ್ ಹಿಂದಿರುವ ದೊಡ್ಡ ಗಾಡಿಗಳಲ್ಲಿ ಬ್ಲಾಕ್ ಹೀಟರ್‌ನ ಸ್ವಿಚ್ ಎಷ್ಟೋ ಸಲ ಮಲಗುವ ಕೋಣೆಯಲ್ಲಿರುತ್ತದೆ, ಯಾಕೆಂದರೆ ಎಂಜಿನ್ ಇರುವುದೇ ಮಂಚದ ಕೆಳಗೆ. ಕೆಲವರು ಅದನ್ನು ಯಾವುದೋ ದೀಪದ ಸ್ವಿಚ್ ಅಂದುಕೊಂಡು ಬೇಸಿಗೆಯೆಲ್ಲ ಆನ್ ಇಟ್ಟಿರುತ್ತಾರೆ. ಇನ್ನು ಕೆಲವು ಗಾಡಿಗಳಲ್ಲಿ ಸ್ವಿಚ್ ಇದ್ದರೂ ಎಂಜಿನ್ ಹತ್ತಿರ ಪ್ಲಗ್ ಸಾಕೆಟ್‌ಗೆ ಸೇರಿಯೇ ಇರುವುದಿಲ್ಲ. ಅಕ್ಟೋಬರ್‌ನಲ್ಲೇ ಹಿಂದಿನ ಬಾಗಿಲು ತೆಗೆದು ನೋಡಿಬಿಡಿ. ಹೀಟರ್ ಸರಿಯಿದೆಯೇ ಅಂತ ತಿಳಿಯಲು ಮಲ್ಟಿಮೀಟರ್ ಸಾಕು. ಸಾಕೆಟ್‌ನಿಂದ ಕಳಚಿ, ಪ್ಲಗ್‌ನ ಎರಡು ಚಪ್ಪಟೆ ಪಿನ್‌ಗಳ ನಡುವೆ ಓಮ್ಸ್ ಅಳೆಯಿರಿ. 1000 ವ್ಯಾಟ್‌ನದಾದರೆ ಸುಮಾರು 14, 750ರದು 19, 1500ರದು 10ರ ಹತ್ತಿರ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ, ಇಲ್ಲವೇ ವೈರ್ ತುಂಡಾಗಿದೆ.

ಕ್ಯಾಂಪ್‌ಗ್ರೌಂಡ್‌ನಲ್ಲಿ ಉಳಿದವರಿಗೆ ಬೇರೆ ಲೆಕ್ಕ. 30 ಆಂಪಿಯರ್ ಕನೆಕ್ಷನ್ ಅಂದರೆ ಒಟ್ಟು 3600 ವ್ಯಾಟ್. ಒಳಗೆ 1500ರ ಎರಡು ರೂಮ್ ಹೀಟರ್ ಓಡುತ್ತಿವೆ ಅಂದುಕೊಳ್ಳಿ, 3000 ಆಯಿತು. 4 ಗಂಟೆಗೆ ಟೈಮರ್ 1000 ವ್ಯಾಟ್‌ನ ಬ್ಲಾಕ್ ಹೀಟರ್ ಆನ್ ಮಾಡುತ್ತದೆ. ಬ್ರೇಕರ್ ಬೀಳುತ್ತದೆ. ನೀವು ಏಳುವ ಹೊತ್ತಿಗೆ ಎಂಜಿನ್ನೂ ತಣ್ಣಗೆ, ಮನೆಯೂ ತಣ್ಣಗೆ. ಆ ನಾಲ್ಕು ಗಂಟೆ ಒಂದು ರೂಮ್ ಹೀಟರ್ ಆರಿಸಿ, ಗ್ಯಾಸ್ ಫರ್ನೇಸ್ ಹಾಕಿಕೊಳ್ಳಿ.

ಗಾಡಿ ನಿಲ್ಲಿಸಿದ ಜಾಗದಲ್ಲಿ ಕರೆಂಟೇ ಇಲ್ಲದಿದ್ದರೆ? ಇನ್ವರ್ಟರ್‌ನಿಂದ ಓಡಿಸೋಣ ಅಂತ ತುಂಬಾ ಜನರಿಗೆ ಹೊಳೆಯುತ್ತದೆ. 1000 ವ್ಯಾಟ್, ಮೂರು ಗಂಟೆ ಅಂದರೆ 12 ವೋಲ್ಟ್ ಬ್ಯಾಟರಿಯಿಂದ 250 ಆಂಪಿಯರ್ ಅವರ್ ಹೋಗುತ್ತದೆ. ಚಳಿಯಲ್ಲಿ ಆಗಲೇ ಕುಗ್ಗಿದ ಬ್ಯಾಟರಿಗೆ ಅದು ಭಾರ. ಲಿಥಿಯಂ ಆದರೆ ತೆಗೆಯಬಹುದು, ಆದರೆ ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ ತಿರುಗಿ ಚಾರ್ಜ್ ಮಾಡುವ ಹಾಗಿಲ್ಲ. ಅದರ ಬದಲು ಗಾಡಿಯ ಜನರೇಟರ್ ಹಚ್ಚಿ, ಅದರಿಂದ ಬ್ಲಾಕ್ ಹೀಟರ್ ಓಡಿಸಿ, ಬ್ಯಾಟರಿಯೂ ಚಾರ್ಜ್ ಆಗುತ್ತದೆ. ಜನರೇಟರ್ ಕೂಡ ಡೀಸೆಲ್‌ದೇ ಆದರೆ ಅದನ್ನೂ ಎಬ್ಬಿಸಬೇಕು ಅನ್ನುವುದು ನಿಜ. ಆದರೆ ಸಣ್ಣ ಎಂಜಿನ್, ಗ್ಲೋ ಪ್ಲಗ್ ಇರುತ್ತದೆ, ಸಾಮಾನ್ಯವಾಗಿ ಮೊದಲು ಏಳುವುದು ಅದೇ.

ಆಕ್ವಾ ಹಾಟ್‌ನಂಥ ಡೀಸೆಲ್ ಬಾಯ್ಲರ್ ಇರುವವರು ಅದೃಷ್ಟವಂತರು. ಮನೆ ಬೆಚ್ಚಗಿಡುವ ಆ ಬಾಯ್ಲರ್‌ನ ಬಿಸಿಯನ್ನೇ ಎಂಜಿನ್ ಕೂಲೆಂಟ್‌ಗೆ ಕೊಡುವ ವ್ಯವಸ್ಥೆ ಕೆಲವು ಗಾಡಿಗಳಲ್ಲಿದೆ. 'ಎಂಜಿನ್ ಪ್ರೀಹೀಟ್' ಅನ್ನುವ ಸ್ವಿಚ್ ಹುಡುಕಿ. ಪಂಪ್ ಮತ್ತು ಬರ್ನರ್‌ಗೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ಕಾಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅಂತ ನನ್ನ ಅಭಿಪ್ರಾಯ.

ಈಗ ಜಾಸ್ತಿ ಜನ ಮರೆಯುವ ವಿಷಯ, ಇಂಧನ. ಬ್ಲಾಕ್ ಹೀಟರ್ ಎಂಜಿನ್ ಬಿಸಿ ಮಾಡುತ್ತದೆ, ಟ್ಯಾಂಕ್ ಅಲ್ಲ, ಫಿಲ್ಟರ್ ಅಲ್ಲ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ತೀರಾ ತಣ್ಣಗಾದಾಗ ಅದು ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಆಗ ಎಂಜಿನ್ ಚೆನ್ನಾಗಿಯೇ ಶುರುವಾಗುತ್ತದೆ, ಹೆದ್ದಾರಿ ಹತ್ತುವ ಹೊತ್ತಿಗೆ ಉಸಿರುಕಟ್ಟಿ ನಿಲ್ಲುತ್ತದೆ. ಮಿನೆಸೋಟದ ಬಂಕ್‌ಗಳು ಚಳಿಗಾಲದಲ್ಲಿ ಮೇಣ ಕಡಿಮೆ ಇರುವ ನಂಬರ್ 1 ಡೀಸೆಲ್ ಬೆರೆಸಿ ಮಾರುತ್ತವೆ. ದಕ್ಷಿಣದಲ್ಲಿ ಆ ತಲೆನೋವಿಲ್ಲ. ಆದ್ದರಿಂದ ಅಪಾಯ ಇರುವುದು ವಾಪಸ್ ಬರುವಾಗ. ಮಾರ್ಚ್ ಮೊದಲ ವಾರ ಟೆಕ್ಸಸ್‌ನಲ್ಲಿ ದೊಡ್ಡ ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು, ಸೀದಾ ಉತ್ತರಕ್ಕೆ ಬಂದು, ಹಿಮದಲ್ಲಿ ರಾತ್ರಿ ನಿಲ್ಲಿಸಿದರೆ ಟ್ಯಾಂಕ್‌ನಲ್ಲಿರುವುದು ಟೆಕ್ಸಸ್ ಡೀಸೆಲ್ಲೇ. ದಕ್ಷಿಣದಲ್ಲಿ ಅಷ್ಟಷ್ಟೇ ಹಾಕಿಸಿ, ಆಯೋವಾದಲ್ಲಿ ತುಂಬಿಸಿ. ಡೀಸೆಲ್ ಗಟ್ಟಿಯಾಗದಂತೆ ಬೆರೆಸುವ ಆಂಟಿ ಜೆಲ್ ಹಾಕುವುದಾದರೆ ಡೀಸೆಲ್ ತಣ್ಣಗಾಗುವ ಮೊದಲೇ ಹಾಕಿ. ಗಟ್ಟಿಯಾದ ಮೇಲೆ ಅದರಿಂದ ಪ್ರಯೋಜನವಿಲ್ಲ. ನಮ್ಮ ಭಾರತದಲ್ಲೂ ಇದೇ ಕಾರಣಕ್ಕೆ ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದೇ ಮೈನಸ್ 33ರವರೆಗೂ ಹರಿಯುವ ಡೀಸೆಲ್ ತಂದಿತು.

ಡೆಫ್, ಅಂದರೆ ಎಂಜಿನ್ ಹೊಗೆಯನ್ನು ಶುದ್ಧ ಮಾಡುವ ದ್ರವ, ಅದರ ಟ್ಯಾಂಕ್ ಬಗ್ಗೆ ಚಿಂತೆ ಬೇಡ. ಅದು ಮೈನಸ್ 11ಕ್ಕೆ ಗಡ್ಡೆ ಕಟ್ಟುತ್ತದೆ, ಎಂಜಿನ್ ಓಡುತ್ತಾ ತಾನೇ ಕರಗಿಸಿಕೊಳ್ಳುತ್ತದೆ.

ಎಂಜಿನ್ ಬೇಗ ಹೊತ್ತಲಿ ಅಂತ ಗಾಳಿಯ ದಾರಿಗೆ ಹೊಡೆಯುವ ಈಥರ್ ಸ್ಪ್ರೇ ಮಾತ್ರ ಬೇಡವೇ ಬೇಡ. ಎದುರಿಗೆ ಕೆಂಪಗೆ ಕಾದ ಗ್ರಿಡ್ ಇದೆ, ನೆನಪಿರಲಿ. ಗಾಳಿಯ ಕೊಳವೆಯೇ ಸಿಡಿಯಬಹುದು.

ಎಂಜಿನ್ ಎದ್ದ ಮೇಲೆ ಬಿಳಿ ಹೊಗೆ ಬಂದರೆ ಅದು ಉರಿಯದ ಡೀಸೆಲ್, ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಅರ್ಧ ಗಂಟೆ ಸುಮ್ಮನೆ ಐಡಲ್‌ನಲ್ಲಿ ಬಿಡಬೇಡಿ. ಡೀಸೆಲ್ ಎಂಜಿನ್ ನಿಂತಲ್ಲಿ ಬೆಚ್ಚಗಾಗುವುದು ಬಹಳ ನಿಧಾನ, ಮಸಿ ಮಾತ್ರ ಕಟ್ಟುತ್ತದೆ. ಏರ್ ಬ್ರೇಕ್ ಇರುವ ಗಾಡಿಯಲ್ಲಿ ಗಾಳಿಯ ಒತ್ತಡ 100 ಪಿಎಸ್‌ಐ ದಾಟುವವರೆಗೆ ಹೇಗೂ ಕಾಯುತ್ತೀರಿ, ಅಷ್ಟು ಸಾಕು. ಆಮೇಲೆ ಮೊದಲ ಕೆಲವು ಮೈಲಿ ಮೆಲ್ಲಗೆ ಹೋಗಿ. ಹೊರಡುವ ಮೊದಲು ಒಮ್ಮೆ ಹಿಂದೆ ಹೋಗಿ ಕಾರ್ಡ್ ಕಿತ್ತಿದ್ದೀರಾ ನೋಡಿಕೊಳ್ಳಿ.

ಪ್ರಶ್ನೆಗಳಿದ್ದರೆ ಈಗ ಕೇಳಿ. ಗಾಡಿ ತಂದವರು ಪಾರ್ಕಿಂಗ್‌ಗೆ ಬನ್ನಿ, ಮೀಟರ್ ನನ್ನ ಹತ್ತಿರ ಇದೆ, ನಿಮ್ಮ ಹೀಟರ್‌ನ ಓಮ್ಸ್ ಅಲ್ಲೇ ಅಳೆಯೋಣ.