ಕೈಗುಣವನ್ನು ದೂರಬೇಡಿ, ಕುಂಡವನ್ನು ಮಗುಚಿ ನೋಡಿ

ನಮಸ್ಕಾರ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ನನ್ನ ಕೈಗುಣವೇ ಸರಿಯಿಲ್ಲ, ಯಾವ ಗಿಡ ತಂದರೂ ಉಳಿಯುವುದಿಲ್ಲ." ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೀಗೆ ಹೇಳುವವರು ತಪ್ಪದೆ ನೀರೆರೆದವರು, ಎಲೆಯ ಮೇಲಿನ ದೂಳನ್ನು ಒರೆಸಿದವರು. ಅವರ ಕೈಯಲ್ಲಿ ಯಾವ ದೋಷವೂ ಇಲ್ಲ. ಎಷ್ಟೋ ಸಲ ಅವರು ಕೊಂಡು ತಂದ ಕುಂಡದ ತಳದಲ್ಲಿ ತೂತೇ ಇರುವುದಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ದೊಡ್ಡಮ್ಮ. ಸಾಗರದ ಕಡೆಯವರು, ಅಡಿಕೆ ತೋಟದಲ್ಲೇ ಬದುಕಿದವರು. ಅವರು ನಮ್ಮ ಮನೆಗೆ ಬಂದಿದ್ದಾಗ ಬಿಳಿ ಪಿಂಗಾಣಿ ಕುಂಡದಲ್ಲಿದ್ದ ಪೀಸ್ ಲಿಲಿ ಜೋತುಬಿದ್ದಿತ್ತು. ಬಾಯಾರಿರಬೇಕು ಎಂದುಕೊಂಡು ನಾನು ಚೊಂಬು ಹಿಡಿದು ಹೊರಟೆ. ದೊಡ್ಡಮ್ಮ ತಡೆದರು. ಮಣ್ಣಿಗೆ ಬೆರಳಿಳಿಸಿ, ಮೂಸಿ ನೋಡಿ, "ಇದರ ನೀರು ಬಸಿದು ಹೋಗುವುದೆಲ್ಲಿಂದ? ಬಸಿಗಾಲುವೆ ತೋಡದೆ ಯಾರಾದರೂ ತೋಟ ಮಾಡುತ್ತಾರೆಯೇ?" ಎಂದು ಕೇಳಿದರು. ಗಿಡವನ್ನು ಎತ್ತಿದಾಗ ಬೇರುಗಳು ಕಂದುಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಬೆರಳಿಗೇ ಕಳಚಿ ಬಂದವು.

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಆ ಸಂದುಗಳಲ್ಲಿ ನೀರು ತುಂಬಿ ನಿಂತರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಹಾಗೆ ಸೊರಗಿದ ಬೇರಿಗೆ ಪಿಥಿಯಂ, ಫೈಟಾಫ್ಥೊರಾದಂಥ ರೋಗಾಣುಗಳು ಸುಲಭವಾಗಿ ತಗಲುತ್ತವೆ. ಫೈಟಾಫ್ಥೊರಾ ಮಲೆನಾಡಿನವರಿಗೆ ಹೊಸದಲ್ಲ, ಅಡಿಕೆಗೆ ಕೊಳೆರೋಗ ತರುವುದೂ ಅದೇ ಕುಲದ ಜೀವಿ. ಕೊಳೆತ ಬೇರು ನೀರನ್ನು ಹೀರಲಾರದು. ಹಾಗಾಗಿ ನೀರಿನಲ್ಲೇ ನಿಂತ ಗಿಡವೂ ಒಣಗಿದ ಗಿಡದಂತೆಯೇ ಬಾಡುತ್ತದೆ. ನಾವು ಕರುಣೆಯಿಂದ ಇನ್ನೊಂದು ಚೊಂಬು ಸುರಿಯುತ್ತೇವೆ.

"ತಳಕ್ಕೆ ಎರಡು ಹಿಡಿ ಜಲ್ಲಿ ಹಾಕಿಬಿಡಿ, ತೂತಿಲ್ಲದಿದ್ದರೂ ನಡೆಯುತ್ತದೆ" ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ನಡೆಯುವುದಿಲ್ಲ. ಸಣ್ಣ ಸಂದುಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ತಾನಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಇನ್ನು ಹಿಡಿದಿಡಲಾರೆ ಎನ್ನುವಷ್ಟು ತೊಯ್ದ ಮೇಲೆಯೇ ಅದು ಕೆಳಕ್ಕೆ ತೊಟ್ಟಿಕ್ಕುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಜಲ್ಲಿಯ ಮೇಲಿಟ್ಟು ನೋಡಿ, ಅದರ ಕೆಳಭಾಗ ಒದ್ದೆಯಾಗಿಯೇ ಉಳಿಯುತ್ತದೆ. ಅಂದರೆ ಜಲ್ಲಿ ಹಾಕಿದಾಗ ಆ ಒದ್ದೆ ಪದರವನ್ನು ಬೇರಿನ ಹತ್ತಿರಕ್ಕೆ ನಾವೇ ಎತ್ತಿಟ್ಟಂತಾಯಿತು. ತೂತಿರುವ ಕುಂಡಕ್ಕೂ ಜಲ್ಲಿ ಬೇಡ. ಮಣ್ಣು ಸೋರದಂತೆ ಸೊಳ್ಳೆಪರದೆಯ ಒಂದು ತುಂಡು ಹಾಸಿದರೆ ಸಾಕು.

ನಮ್ಮ ಊರಿಗೆ ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೋಡ ಕವಿದು ಕೂತರೆ ಮನೆಯೊಳಗಿನ ಕುಂಡದ ಮಣ್ಣು ವಾರವಾದರೂ ಆರುವುದಿಲ್ಲ. ಅದಕ್ಕೇ ನನ್ನ ಆಯ್ಕೆ ಬಣ್ಣ ಬಳಿಯದ, ಸುಟ್ಟ ಮಣ್ಣಿನ ಕುಂಡ. ಮಡಕೆಯ ನೀರು ತಣ್ಣಗಾಗುವುದು ಏಕೆಂದು ನಮಗೆಲ್ಲ ಗೊತ್ತು. ಅದೇ ಗುಣದಿಂದ ಈ ಕುಂಡವೂ ತನ್ನ ಗೋಡೆಯ ಮೂಲಕ ತೇವವನ್ನು ಹೊರಗೆ ಬಿಡುತ್ತದೆ. ಪಾಟರಿ ಟೌನ್‌ನ ಕುಂಬಾರರ ಕೈಯಿಂದಲೇ ಕೊಂಡರೆ ಇನ್ನೂ ಸಂತೋಷ. ಭಾರ, ಬಿದ್ದರೆ ಒಡೆಯುತ್ತದೆ, ಏಪ್ರಿಲ್ ಬಿಸಿಲಿಗೆ ಬೇಗ ಒಣಗುತ್ತದೆ, ಎಲ್ಲವೂ ನಿಜ. ಆಗಾಗ ಊರಿಗೆ ಹೋಗುವವರಿಗೆ ಪ್ಲಾಸ್ಟಿಕ್ ಕುಂಡವೇ ಅನುಕೂಲ, ತಳದಲ್ಲಿ ನಾಲ್ಕಾರು ತೂತುಗಳಿದ್ದರೆ ನನ್ನ ತಕರಾರಿಲ್ಲ. ಬರೀ ಕೆಂಪು ಮಣ್ಣು ತುಂಬಿದರೆ ಮಾತ್ರ ಅದು ಗಟ್ಟಿಯಾಗಿ ತೂತಿದ್ದೂ ಉಪಯೋಗವಿಲ್ಲದಂತಾಗಬಹುದು. ಜೊತೆಗೆ ತೆಂಗಿನ ನಾರಿನ ಪುಡಿ, ದಪ್ಪ ಮರಳು, ಗೊಬ್ಬರ ಬೆರೆಸಿ.

ತಟ್ಟೆಯ ಮಾತನ್ನೂ ಹೇಳಿಬಿಡುತ್ತೇನೆ. ನೀರು ಹಾಕಿದ ಅರ್ಧ ಗಂಟೆಗೆ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರ, ಹತ್ತು ದಿನ ಸಾಕು.

ಗಿಡದ ಕುಂಡ ಎಂದು ಹೆಸರು ಹೇಳಿ ಮಾರುವವರು ತೂತು ಕೊರೆದೇ ಮಾರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ, ಬಣ್ಣ ನೋಡುವ ಮೊದಲು ಕುಂಡವನ್ನು ಮಗುಚಿ ನೋಡಿ. ತೂತಿಲ್ಲದ ಚಂದದ ಕುಂಡ ಈಗಾಗಲೇ ಮನೆಯಲ್ಲಿದ್ದರೆ, ನರ್ಸರಿಯ ಪ್ಲಾಸ್ಟಿಕ್ ಕುಂಡವನ್ನು ಹಾಗೆಯೇ ಅದರೊಳಗಿಡಿ. ನೀರು ಹಾಕುವಾಗ ಹೊರತೆಗೆದು, ಚೆನ್ನಾಗಿ ಬಸಿದ ಮೇಲೆ ಮತ್ತೆ ಒಳಗಿಡಿ.

ನಮ್ಮ ಪೀಸ್ ಲಿಲಿ ಉಳಿಯಲಿಲ್ಲ. ಆ ಬಿಳಿ ಕುಂಡಕ್ಕೆ ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಹಾಕುತ್ತಿದ್ದ ಒಬ್ಬರು ನೀರು ಚಿಮುಕಿಸುತ್ತಾ, ನಿಧಾನವಾಗಿ ಮೂರು ತೂತು ಕೊರೆದುಕೊಟ್ಟರು. ದೊಡ್ಡಮ್ಮ ಮುಂದಿನ ಸಲ ಬರುವಾಗ ತಂದ ದೊಡ್ಡಪತ್ರೆಯ ಕಡ್ಡಿ ಈಗ ಅದರಲ್ಲಿ ಚಿಗುರಿ ಅಂಚಿನಾಚೆಗೆ ಬಾಗಿದೆ.